ದಂತದ ಮೊಲಕ್ಕೆ ಕುಂಕುಮ

ಅಕ್ಕನ ಬೆರಳು ಮುರಿಸಿದವಳು ನಾನು. ಅದು ೨೦೧೨ರ ದಸರೆಯೋ ಮರುವರ್ಷದ್ದೋ, ಅವಳು ಉಟ್ಟಿದ್ದ ಸೀರೆ ಹಸಿರೋ ನೀಲಿಯೋ — ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಆಡಿದ ಮಾತು ಮಾತ್ರ ಅಕ್ಷರಶಃ ಉಳಿದಿದೆ.

ಶುಗರ್ ಲ್ಯಾಂಡ್‌ನ ಅವಳ ಮನೆಯಲ್ಲಿ ಭಾವನದೊಂದು ಗಾಜಿನ ಕಪಾಟಿತ್ತು. ಒಳಗೆ ಹಳೆಯ ಜಪಾನಿ ನೆಟ್ಸುಕೆಗಳು — ನೆಲ್ಲಿಕಾಯಿ ಗಾತ್ರದ ದಂತದ ಕೆತ್ತನೆಗಳು; ಜೇಬಿಲ್ಲದ ಉಡುಪಿನ ಕಾಲದಲ್ಲಿ ಸೊಂಟಪಟ್ಟಿಗೆ ಚೀಲ ತೂಗುಹಾಕಲು ಬಳಸುತ್ತಿದ್ದಂಥವು. ಡಲ್ಲಾಸ್, ಆಸ್ಟಿನ್‌ನ ಹರಾಜುಗಳಿಗೆ ಗಂಟೆಗಟ್ಟಲೆ ಡ್ರೈವ್ ಮಾಡಿ ಭಾವ ಒಂದೊಂದನ್ನೇ ತಂದಿದ್ದರು. ಗೊಂಬೆ ಕೂರಿಸಲು ಡಲ್ಲಾಸ್ ಪಕ್ಕದ ಅಲೆನ್ ಊರಿನಿಂದ ಬಂದಿದ್ದ ನಾನು, ಅವರಿಲ್ಲದ ಮಧ್ಯಾಹ್ನ, ಮುದುಡಿ ಮಲಗಿದ ಮೊಲವೊಂದನ್ನು ತೆಗೆದು ಗೊಂಬೆಗಳ ಸಾಲಿನಲ್ಲಿಟ್ಟೆ. ಗೊಂಬೆ ಎಂದ ಮೇಲೆ — ಅರಿಸಿನ ಕುಂಕುಮ ಹಚ್ಚಿದೆ. ಒರೆಸಿದರೆ ಹೋಗಲಿಲ್ಲ, ಕೆತ್ತಿದ ರೋಮದ ಗೆರೆಗಳಿಗೆ ಕೆಂಪು ಇಳಿದಿತ್ತು. ಗಾಬರಿಯಲ್ಲಿ ಹುಣಿಸೆಹಣ್ಣು ಹಾಕಿ ತಿಕ್ಕಿದೆ. ತಲೆಮಾರುಗಳ ಹೊಳಪು ಹೋಗಿ ಸೀಮೆಸುಣ್ಣದಂತಾಯಿತು.

ಸಂಜೆ ಭಾವ ಅದನ್ನು ಅಂಗೈಯಲ್ಲಿ ಹಿಡಿದು ಅಡುಗೆಮನೆಗೆ ಬಂದರು. ಧಾರವಾಡದವರು, ಸಿಟ್ಟು ಬಂದರೆ ದನಿ ತಗ್ಗುತ್ತಿತ್ತು.

"ಇದೇನು ನಿಮ್ಮ ಮೈಸೂರಿನ ಹಿತ್ತಾಳಿ ದೀಪ ಅಂತ ತಿಳಕೊಂಡೀರೇನು? ಯಾರ್ ತಿಕ್ಕ್ಯಾರ ಇದನ್ನ?"

ನಾನು ನಕ್ಕೆ. ನಕ್ಕು ಹೇಳಿದೆ: "ಈ ಮನೇಲಿ ಗೊಂಬೆಗೆ ಕುಂಕುಮ ಇಡೋರು ಇನ್ಯಾರು ಭಾವ, ಮನೆ ಯಜಮಾನ್ತಿ ತಾನೇ?"

ಅಕ್ಕ ನನ್ನತ್ತ ನೋಡಿದಳು. "ಹೌದು ರೀ, ನಾನೇ" ಎಂದಳು.

"ಯಾವ ಕೈಲೆ ತಿಕ್ಕಿದಿ?"

ಅವಳ ಬಲಗೈಯನ್ನು ಸೌಟುಗಳ ಡ್ರಾಯರಿಗೆ ತುರುಕಿ, ಮಂಡಿಯಿಂದ ಗುದ್ದಿ ಮುಚ್ಚಿದರು. ಎಳೆದರು. ಮತ್ತೆ ಗುದ್ದಿದರು. ಎರಡನೆಯ ಸಲ ಏನೋ ಲಟಕ್ಕೆಂದಿತು. ಮೂರನೆಯದಕ್ಕೆ ಕೂಗಲು ಅವಳಲ್ಲಿ ಉಸಿರಿರಲಿಲ್ಲ. ರಕ್ತ ಡ್ರಾಯರಿನ ಅಂಚಿನಿಂದ ನೆಲಕ್ಕೆ — ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ನನ್ನ ಉಗುರುಗಳಲ್ಲಿ ಇನ್ನೂ ಕೆಂಪಿತ್ತು. ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ.

ಆಸ್ಪತ್ರೆಯಲ್ಲಿ ಫಾರ್ಮ್ ತುಂಬಿದ್ದೂ ನಾನೇ: ಕಾರಿನ ಬಾಗಿಲಿಗೆ ಸಿಕ್ಕಿ.

ಅಕ್ಕ ಈಗ ಕ್ಲಿಯರ್ ಲೇಕ್‌ನಲ್ಲಿ ಒಬ್ಬಳೇ ಇದ್ದಾಳೆ. ಎರಡು ಬೆರಳು ಮಡಚಲು ಬರುವುದಿಲ್ಲ. ಹೋದ ತಿಂಗಳು ಫೋನಿನಲ್ಲಿ ಎಲ್ಲವನ್ನೂ ಒಪ್ಪಿಕೊಂಡೆ. "ಗೊತ್ತಿತ್ತು ಬಿಡೇ" ಎಂದಳು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಇನ್ನೊಂದು ಕೇಳಿದೆ — ಅಲ್ಲ ಎಂದರೆ ನನ್ನ ತಪ್ಪಿನ ಪಾಲು ಸ್ವಲ್ಪ ಕಡಿಮೆಯಾದೀತೆಂಬ ಆಸೆಯಿಂದಲೇ ಕೇಳಿದೆ, ಅದನ್ನೂ ಬರೆದಿಡುತ್ತೇನೆ.

"ಅಕ್ಕಾ, ಭಾವ ನಿನ್ನ ಮೇಲೆ ಕೈ ಮಾಡಿದ್ದು ಅವತ್ತೇ ಮೊದಲಾ?"