ಊಟ ಬಿಟ್ಟ ಹುಡುಗಿಯ ಸಿನಿಮಾ ತೋರಿಸಿದ ಮೇಡಂ

ಎಪ್ಪತ್ತರ ದಶಕದಲ್ಲಿ ನಾನು ಚಿತ್ರದುರ್ಗದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾಗ ನಮಗೊಬ್ಬರು ಗೃಹವಿಜ್ಞಾನದ ಮೇಡಂ ಇದ್ದರು. ಮಾತಾಡುವಾಗ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಲೇ ಇರುತ್ತಿದ್ದರು. ಯಾರು ಏನು ಹೇಳಿಕೊಳ್ಳಲು ಹೋದರೂ ‘ಮೊದ್ಲು ಕುಂತ್ಕಳಮ್ಮ’ ಅನ್ನುತ್ತಿದ್ದರು.

ದಪ್ಪಗಾಗುವ ಭಯಕ್ಕೆ ನಾನು ಆ ವರ್ಷ ಊಟ ಬಿಟ್ಟಿದ್ದೆ. ಎಲುಬು ಕಾಣುತ್ತಿದ್ದರೂ ಕನ್ನಡಿಯಲ್ಲಿ ದಪ್ಪಗೇ ಕಾಣುತ್ತಿದ್ದೆ. ರಾಮಗಿರಿಯಲ್ಲಿ ಕುರಿ ಸಾಕಿಕೊಂಡಿದ್ದ ಅವ್ವ, ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸಿದ್ದಳು.

ಒಂದು ಮಧ್ಯಾಹ್ನ ಮೇಡಂ ಕಿಟಕಿಗಳಿಗೆ ಕಂಬಳಿ ಕಟ್ಟಿಸಿ ಆರೋಗ್ಯದ ಸಿನಿಮಾ ಹಾಕಿದರು. ತೆರೆಯ ಮೇಲೆ ನನ್ನಂಥದೇ ಹುಡುಗಿಯೊಬ್ಬಳು ತಟ್ಟೆಯ ಅನ್ನವನ್ನು ಕದ್ದು ಕರವಸ್ತ್ರಕ್ಕೆ ಸುರಿದುಕೊಂಡಳು. ಹುಡುಗಿಯರು ಕಿಸಕ್ಕನೆ ನಕ್ಕರು. ಮೇಡಂ ಪ್ರೊಜೆಕ್ಟರ್ ನಿಲ್ಲಿಸಿದರು.

‘ನಗಬ್ಯಾಡ್ರಮ್ಮ. ಇದು ಹಟ ಅಲ್ಲ, ಗಾಳಿನೂ ಅಲ್ಲ. ಕಾಯಿಲೆ. ವಾಸಿ ಆಗತೈತೆ.’

ನನ್ನ ಕಡೆ ಅವರು ಒಮ್ಮೆಯೂ ನೋಡಲಿಲ್ಲ. ಸಿನಿಮಾ ಪೂರ್ತಿ ಮುಗಿದು ಎಲ್ಲರೂ ಹೋದ ಮೇಲೆ ನಾನೇ ಹತ್ತಿರ ಹೋಗಿ, ‘ಮೇಡಂ, ನಾನೂ ಹಂಗೇ ಮಾಡ್ತೀನ್ರಿ’ ಅಂದೆ.

‘ಮೊದ್ಲು ಕುಂತ್ಕಳಮ್ಮ’ ಎಂದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

ಆ ಭಾನುವಾರ ನನ್ನ ಜೊತೆ ಬಸ್ಸಿನಲ್ಲಿ ರಾಮಗಿರಿಗೇ ಬಂದು, ಅವ್ವನಿಗೆ ಸಿನಿಮಾದ ಕಥೆಯನ್ನೆಲ್ಲ ಹೇಳಿದರು. ಅವ್ವ ಹೆದರಿಹೋದಳು.

‘ಆ ಹುಡ್ಗಿ ಉಳ್ಕಂಡ್ಳೇನ್ರಿ?’

‘ಉಳ್ಕಂಡ್ಳು ಕಣ್ರಿ. ಡಾಕ್ಟ್ರಿಗೆ ತೋರ್ಸಿದ್ರು. ಅವ್ರವ್ವ ಬೈಯದೆ ದಿನಾ ಜತಿಗೆ ಕುಂತು ಉಣ್ತಿದ್ರು.’

ಮರುದಿನವೇ ದುರ್ಗದ ಆಸ್ಪತ್ರೆಗೆ ಹೋದೆವು. ವಾಸಿಯಾಗಲು ವರ್ಷಗಳೇ ಹಿಡಿದವು. ಊರಿಗೆ ಹೋದಾಗಲೆಲ್ಲ ಅವ್ವ ಒಂದು ಮಾತೂ ಬೈಯದೆ ನನ್ನ ಜೊತೆ ಕುಳಿತು ಉಂಡಳು.

ನಿಜವಾಗಿ ಆ ಸಿನಿಮಾದ ಹುಡುಗಿಗೆ ತಾಯಿಯೇ ಇರಲಿಲ್ಲ. ನಮ್ಮವ್ವನಿಗಾಗಿ ಮೇಡಂ ಅಲ್ಲೇ ಕುಳಿತು ಒಬ್ಬ ತಾಯಿಯನ್ನು ಕಥೆಯೊಳಗೆ ಸೇರಿಸಿದ್ದರು.