ಮಗ್ಗದ ಕುಣಿಗಿಳಿದ ವಿಡಿಯೊ ಗೇಮು

ಬೆಟಗೇರಿಯ ಅಜ್ಜಿಯ ಮನೆಯಲ್ಲಿ ಅಂದು ನಾವು ನಾಲ್ವರಿದ್ದೆವು. ಅಜ್ಜಿ ಮಗ್ಗದ ಕುಣಿಯೊಳಗೆ ಕಾಲಿಳಿಬಿಟ್ಟು ನೇಯುತ್ತಿದ್ದಳು. ಅವ್ವ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಆಗಷ್ಟೇ ದುಬೈಯಿಂದ ಬಂದಿದ್ದ ಸೋದರಮಾವ ಚೀಲ ಬಿಚ್ಚುತ್ತಿದ್ದ. ನಾನು ಕಾಲೇಜು ಹುಡುಗ, ಟಿ.ವಿ.ಗೆ ಜೋಡಿಸುವ ವಿಡಿಯೊ ಗೇಮ್ ಕನ್ಸೋಲು ತರಲು ಮಾವನಿಗೆ ದುಂಬಾಲು ಬಿದ್ದಿದ್ದೆ. ಹಳೆಯ ಲುಂಗಿಗಳ ನಡುವಿನಿಂದ ಅದು ಹೊರಬಂತು.

"ಇದು ಗದಗಿನ್ಯಾಗ ಸಿಗೂದಿಲ್ಲೇನು?" ಅಜ್ಜಿ ಕೇಳಿದಳು.

"ಸಿಗತೈತಿ ಯವ್ವಾ, ಆದ್ರ ತುಟ್ಟಿ. ಹೊರದೇಶದಿಂದ ಬಂದ ಮಾಲಿಗೆ ಇಲ್ಲಿ ಸುಂಕ, ಸುಂಕದ ಮ್ಯಾಲೆ ತೆರಿಗಿ, ಆಮ್ಯಾಲೆ ನಡುವಿನವರ ಲಾಭ. ದುಬೈದಾಗ ತೆರಿಗಿ ಕಡಿಮಿ. ನಿನ್ನ ಸೀರಿ ಪುಣೆ ಅಂಗಡ್ಯಾಗ ತುಟ್ಟಿ ಆಗೂದಿಲ್ಲೇನು, ಹಂಗ."

"ಮತ್ತ ನೀ ಸುಂಕ ಕಟ್ಟೀಯಿಲ್ಲೋ?"

"ಅವರು ಕೇಳಲಿಲ್ಲ, ನಾ ಹೇಳಲಿಲ್ಲ."

ಲಾಳಿ ನಿಂತಿತು. "ಸುಂಕದವರು ಹಿಡಕೊಂಡು ಹೋದ್ರ ಏನ್ ಮಾಡ್ತೀಲೇ? ತಿರುಗಿ ಕೆಲಸಕ್ಕ ಬಿಡ್ತಾರೇನು?"

ಮಾವ ನಕ್ಕ. ಹೆಂಡತಿಯನ್ನು ಕರೆತರಲೆಂದು ಮುಂಡರಗಿಯ ಬಸ್ಸು ಹತ್ತಿದ. ಅಜ್ಜಿ ಅಂದು ಸರಿಯಾಗಿ ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ಓಣಿಯಲ್ಲಿ ಜೀಪು ನಿಂತಿತು. "ದುಬೈಯಿಂದ ಬಂದಾವ್ರ ಮನಿ ಯಾವುದ್ರಿ?" ಎಂದು ಯಾರೋ ವಿಚಾರಿಸುವುದು ಒಳಗೆ ಕೇಳಿಸಿತು. ಸುಂಕದವರೇ ಬಂದರು ಎಂದುಕೊಂಡೆವು. ಮಾವನ ಫೋನು ಹತ್ತಲಿಲ್ಲ. ಅಜ್ಜಿ ಕನ್ಸೋಲನ್ನು ಹಳೆಯ ಸೀರೆಯಲ್ಲಿ ಸುತ್ತಿ ಮಗ್ಗದ ಕುಣಿಗೆ ತುರುಕಿದಳು. ಎಂದಿನಂತೆ ನೇಯುತ್ತಿರುವ ಹಾಗೆ ಕಾಣಬೇಕಲ್ಲ. ಬೇಸಿಗೆಯಲ್ಲಿ ಎಳೆ ಹರಿಯದಿರಲೆಂದು, ಕೂರುವ ಮೊದಲು ಕುಣಿಗೆ ಒಂದು ಕೊಡ ನೀರು ಸುರಿಯುವುದು ಅವಳ ರೂಢಿ. ಆ ಗಾಬರಿಯಲ್ಲೂ ಸುರಿದಳು. ಬಾಗಿಲನ್ನೇ ನೋಡುತ್ತಿದ್ದ ನಮಗೂ ಏನೂ ಹೊಳೆಯಲಿಲ್ಲ.

ಇಬ್ಬರು ಹೊಸ್ತಿಲಿಗೆ ಬಂದರು.

"ಇಲ್ಲಿ ದುಬೈಯಿಂದ ಯಾರೂ ಬಂದಿಲ್ರಿ," ಎಂದಳು ಅಜ್ಜಿ.

"ಹಂಗನಬ್ಯಾಡ್ರಿ ಅವ್ವಾರ," ಎಂದರು ಅವರಲ್ಲಿ ಹಿರಿಯರು. "ನಾವು ಲಕ್ಷ್ಮೇಶ್ವರದಾವ್ರು. ನನ್ನ ಮಗ ಅಲ್ಲಿ ನಿಮ್ಮ ಮಗನ ಕೂಡ ಕೆಲಸ ಮಾಡ್ತಾನ. ಖಜೂರ ಕೊಟ್ಟು ಕಳಿಸ್ಯಾನಂತ, ಒಯ್ಯಾಕ ಬಂದೀವಿ."

ಹೆದರಿಕೆ ಇಳಿದು ಅವ್ವ ಅಳತೊಡಗಿದಳು. ಹಿರಿಯರು ಕಂಗಾಲಾದರು. "ಅಳಬ್ಯಾಡವ್ವ ತಂಗಿ. ಬೇಕಾದ್ರ ಖಜೂರ ನೀವ ಇಟಗೊಳ್ರಿ."

ಚಹಾ ಕುಡಿದು, ಮಾವನ ಚೀಲದಲ್ಲಿದ್ದ ಖರ್ಜೂರದ ಗಂಟು ಹಿಡಿದು ಅವರು ಹೋದ ಮೇಲೆ ಅಜ್ಜಿಗೆ ಕುಣಿಯ ನೆನಪಾಯಿತು. ಸೀರೆ ಬಿಚ್ಚಿದರೆ ಕನ್ಸೋಲಿನೊಳಗಿಂದ ನೀರು ಸುರಿಯಿತು. ಅದು ಎಂದೂ ಚಾಲೂ ಆಗಲಿಲ್ಲ.

ಮುಂದಿನ ಸಲ ಬಂದಾಗ ಮಾವ ವಿಮಾನ ನಿಲ್ದಾಣದಲ್ಲೇ ಸುಂಕ ಕಟ್ಟಿ ಇನ್ನೊಂದನ್ನು ತಂದ. ಅಜ್ಜಿ ಅದನ್ನು ತಾನೇ ಎತ್ತಿ, ಓಣಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ ಬಾಗಿಲೆದುರಿನ ಗೂಡಿನಲ್ಲಿ ಇಟ್ಟಳು.