ಹೋದವರ ಜೊತೆ ಹೋದ ಅರ್ಧ

ಮೊನ್ನೆ ಬೀರು ತೆಗೆದಾಗ ನ್ಯಾಫ್ತಲಿನ್ ಗುಳಿಗೆಯ ಘಾಟು ಮುಖಕ್ಕೆ ಬಡಿಯಿತು. ಸೀರೆಯ ಮಡಿಕೆಯಲ್ಲಿಟ್ಟಿದ್ದ ಗುಳಿಗೆಗಳು ಕರಗಿ ನೀರಾಗದೆ ಹಾಗೇ ಗಾಳಿಗೆ ಸೇರಿಹೋಗಿದ್ದವು. ಮದ್ದೂರಿನ ಕಾಲೇಜಿನಲ್ಲಿ ನಮಗೆ ಕೆಮಿಸ್ಟ್ರಿ ಹೇಳುತ್ತಿದ್ದ ಮಿಸ್ ನೆನಪಾದರು. ನನ್ನ ಬಿ.ಎಸ್ಸಿ. ಎರಡನೇ ವರ್ಷವೆಲ್ಲ ಅವರ ಸೀರೆಯಿಂದ ಇದೇ ವಾಸನೆ ಬರುತ್ತಿತ್ತು...

ಮೊದಲ ವರ್ಷ ಅವರು ಹಾಗಿರಲಿಲ್ಲ. ಚೂಡಿದಾರ ಹಾಕಿಕೊಂಡು ಹತ್ತಿರದ ಕೊಪ್ಪದಿಂದ ಸ್ಕೂಟಿಯಲ್ಲಿ ಬರುತ್ತಿದ್ದರು. ಎಡಗೈಯಲ್ಲಿ ಬೋರ್ಡಿನ ಮೇಲೆ ಆರು ಮೂಲೆಯ ಉಂಗುರ ಬರೆದರೆ ಅಚ್ಚು ಹಾಕಿದಂತಿರುತ್ತಿತ್ತು. ನಕ್ಕರೆ ಪಕ್ಕದ ಕ್ಲಾಸಿಗೂ ಕೇಳುತ್ತಿತ್ತು. ಆ ಬೇಸಿಗೆ ರಜೆಯಲ್ಲಿ ಅವರ ಅಕ್ಕ ಹೆರಿಗೆಯಲ್ಲಿ ತೀರಿಕೊಂಡರು. ಹೆಣ್ಣುಕೂಸು ಉಳಿಯಿತು. ಹಿರಿಯರು ಕೂತು ಮಾತಾಡಿ ಮಿಸ್ಸನ್ನು ಭಾವನಿಗೇ ಕೊಟ್ಟು ಮದುವೆ ಮಾಡಿದರು. ಕಾಲೇಜು ಶುರುವಾದಾಗ ಅವರು ಬಂದದ್ದು ವೈದ್ಯನಾಥಪುರದ ಅಕ್ಕನ ಮನೆಯಿಂದ, ಅಕ್ಕನ ಸೀರೆ ಉಟ್ಟುಕೊಂಡು.

ಭಾನುವಾರ ಬೆಳಿಗ್ಗೆ ನಾನು ಆ ಮನೆಗೆ ಪಾಠಕ್ಕೆ ಹೋಗುತ್ತಿದ್ದೆ. ಒಂದು ದಿನ ಅವರ ಅತ್ತೆ ಒಳಗಿನಿಂದ ಯಾರದೋ ಹೆಸರು ಹಿಡಿದು ಕೂಗಿದರು. "ಕೂಸು ಅಳ್ತಾದೆ, ಬಾ ಅಮ್ಮಿ ಒಸಿ!" ಮಿಸ್ ಎದ್ದರು.

"ಅದು ನಿಮ್ಮ ಹೆಸರಲ್ವಲ್ಲ ಮಿಸ್?" ಎಂದೆ.

"ಅಕ್ಕನದು. ಅತ್ತೆ ಬಾಯಿಗೆ ಅದೇ ಬರುತ್ತೆ. ಕೂಗ್ಕೊಳ್ಳಲಿ ಬುಡು," ಎಂದು ನಕ್ಕರು. ಆ ನಗುವಿಗೆ ಸದ್ದೇ ಇರಲಿಲ್ಲ.

ಅತ್ತೆ ಕೆಟ್ಟವರಲ್ಲ. ನನಗೂ ತಟ್ಟೆ ತುಂಬ ಚಕ್ಕುಲಿ ಕೊಡುತ್ತಿದ್ದರು. ಹೋದ ಸೊಸೆಯೇ ವಾಪಸು ಬಂದಳೆಂದು ನೆಮ್ಮದಿಯಾಗಿದ್ದರು, ಅಷ್ಟೇ. "ಎಡಗೈಲಿ ಬಡಿಸ್ಬ್ಯಾಡ ಕಣವ್ವ. ನೀನು ಯಾವತ್ತೂ ಅಂಗೆ ಮಾಡ್ದೋಳಲ್ಲ," ಎನ್ನುತ್ತಿದ್ದರು. ದಸರಾ ಹೊತ್ತಿಗೆ ಮಿಸ್ ಬೋರ್ಡಿನ ಮೇಲೂ ಬಲಗೈಯಲ್ಲಿ ಬರೆಯತೊಡಗಿದರು. ಅಕ್ಷರ ಸೊಟ್ಟಗಿರಲಿಲ್ಲ. ದುಂಡಗಿತ್ತು, ಬೇರೆ ಯಾರದೋ ಪಳಗಿದ ಕೈಯಂತೆ...

ಆಗಲೇ ಬೆಂಜೀನಿನ ಪಾಠ ಬಂತು. "ಈ ಉಂಗುರದಲ್ಲಿ ಸುತ್ತೋ ಎಲೆಕ್ಟ್ರಾನುಗಳು ಒಂದು ಕಾರ್ಬನ್ನಿನದಲ್ಲ, ಆರರದೂ. ಅದಕ್ಕೇ ಇಷ್ಟು ಗಟ್ಟಿ. ಕಬ್ಬಿಣದ ಪುಡಿ ಹಾಕಿ ಬ್ರೋಮಿನ್ ಬಿಟ್ರೂ ಉಂಗುರ ಮುರಿಯಲ್ಲ. ಒಂದು ಹೈಡ್ರೋಜನ್ ಹೋಗುತ್ತೆ, ಆ ಜಾಗದಲ್ಲಿ ಬ್ರೋಮಿನ್ ಕೂರುತ್ತೆ."

"ಹೋದ ಹೈಡ್ರೋಜನ್ ಏನಾಗುತ್ತೆ ಮಿಸ್?" ಎಂದು ಕೇಳಿದೆ.

ಅವರು ಬೋರ್ಡಿನ ಕಡೆ ತಿರುಗಿದರು. "ಬ್ರೋಮಿನ್ ಬರೋದು ಜೋಡಿಯಾಗಿ. ಅರ್ಧ ಉಂಗುರದಲ್ಲಿ ಉಳಿಯುತ್ತೆ. ಇನ್ನರ್ಧ... ಹೋದವರ ಜೊತೆ ಹೋಗ್ಬಿಡುತ್ತೆ."

ಹೋದದ್ದರ ಜೊತೆ ಎನ್ನಲಿಲ್ಲ.

ವರ್ಷದ ಕೊನೆಗೆ ಮಿಸ್ ಕೆಲಸ ಬಿಟ್ಟರು. ನಾನು ಓದು ಮುಗಿಸಿ ಮಳವಳ್ಳಿಯಲ್ಲಿ ಕೆಮಿಸ್ಟ್ರಿ ಹೇಳಲು ಸೇರಿದೆ.

ಹೋದ ಕಾರ್ತಿಕ ಸೋಮವಾರ ವೈದ್ಯನಾಥಪುರದ ದೇವಸ್ಥಾನದಲ್ಲಿ ಅವರು ಕಂಡರು. ಜೊತೆಗೆ ಅವರ ಭುಜದೆತ್ತರ ಬೆಳೆದ ಹುಡುಗಿ. ಓಡಿಹೋಗಿ ಕಾಲು ಮುಟ್ಟಿ, ಅವರ ಹೆಸರು ಹೇಳಿ, "ಮಿಸ್, ನಾನು ನಿಮ್ಮ ಸ್ಟೂಡೆಂಟು. ಗುರುತು ಸಿಕ್ತಾ?" ಎಂದೆ.

ಅವರು ನನ್ನ ತಲೆ ಸವರಿದರು. ಕಣ್ಣಲ್ಲಿ ಮರುಕವಿತ್ತು. "ಅಯ್ಯೋ, ನಿಂಗೆ ಯಾರೂ ಹೇಳ್ನಿಲ್ವ? ಅವಳು ತೀರೋಗಿ ಬಾಳ ವರ್ಸ ಆಯ್ತು ಕಣಮ್ಮ. ನಾನು ಅವಳ ಅಕ್ಕ."

ಹುಡುಗಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ. "ಬಾ ಅವ್ವ, ಬಸ್ಸು ಓಯ್ತದೆ," ಎಂದು ಕೈಹಿಡಿದು ಕರೆದುಕೊಂಡು ಹೋದಳು.

ಸತ್ತವರಿಗಾದರೆ ಹೆಸರು ಹೇಳಿ ಎಡೆ ಇಡುತ್ತಾರೆ. ನನ್ನ ಮಿಸ್ಸಿಗೆ ಅದೂ ಇಲ್ಲ. ಅವರಿಲ್ಲವೆಂದು ಅಳೋಣವೆಂದರೆ, ಆ ದಿನ ನನ್ನ ಕಣ್ಣೆದುರೇ ಮೆಟ್ಟಿಲಿಳಿದು ಹೋದವರು ಅವರೇ...